ಹತ್ತಿರದ ಶಾಲೆಯ ಬಾಗಿಲನ್ನು ಒಮ್ಮೆ ತಟ್ಟಿ: ಇಂಗ್ಲೆಂಡಿನ ಕನ್ನಡ ಪಾಲಕರಿಗೆ ಒಂದು ಬಹಿರಂಗ ಪತ್ರ

ಇಂಗ್ಲೆಂಡಿನಲ್ಲಿ ನೆಲೆಸಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ, ಮತ್ತು ಇಲ್ಲಿನ ಕನ್ನಡ ಸಂಘಗಳನ್ನು ನಡೆಸುತ್ತಿರುವ ಹಿರಿಯರಿಗೆ,

ನಮಸ್ಕಾರ.

ನಾನು ಪೂರ್ವ ಲಂಡನ್ನಿನ ಹ್ಯಾಕ್ನಿಯಲ್ಲಿ ಇದ್ದೇನೆ. ನನ್ನ ಮಗಳು ಇಲ್ಲೇ ಹತ್ತಿರದ ಒಂದು ಕಾಂಪ್ರಿಹೆನ್ಸಿವ್ ಶಾಲೆಗೆ ಹೋಗುತ್ತಾಳೆ. ಪಾಸು ಫೇಲು ಅಂತ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸದ, ಸುತ್ತಮುತ್ತಲಿನ ಎಲ್ಲರ ಮಕ್ಕಳೂ ಸೇರುವ, ಫೀಸು ಇಲ್ಲದ ಹೈಸ್ಕೂಲು ಅದು. ಇಂಥ ಶಾಲೆಗಳ ಬಗ್ಗೆ ನಮ್ಮ ಜನರ ನಡುವೆ ಓಡಾಡುತ್ತಿರುವ ಮಾತುಗಳನ್ನು ಕೇಳಿ ಕೇಳಿ ಬೇಸರವಾಗಿದೆ, ಸಿಟ್ಟೂ ಬಂದಿದೆ. ವಾಟ್ಸಾಪ್ ಗುಂಪಿನಲ್ಲಿ ಎರಡು ಸಾಲಿನಲ್ಲಿ ಉತ್ತರ ಕೊಡುವ ವಿಷಯ ಇದಲ್ಲ. ಅದಕ್ಕೇ ಈ ಪತ್ರ.

ಒಂದು ಹಬ್ಬದ ಕಾರ್ಯಕ್ರಮದಲ್ಲಿ ಊಟಕ್ಕೆ ನಿಂತಿದ್ದಾಗ ಪರಿಚಯದವರೊಬ್ಬರು ನನ್ನ ಮಗಳನ್ನು "ಯಾವ ಸ್ಕೂಲು ಪುಟ್ಟಾ?" ಅಂತ ಕೇಳಿದರು. ಅವಳು ಹೆಸರು ಹೇಳಿದಳು. ಅವರು ನನ್ನ ಕಡೆ ತಿರುಗಿ, "ಯಾಕ್ರೀ, ಗ್ರಾಮರ್‌ಗೆ ಟ್ರೈ ಮಾಡಲಿಲ್ವಾ? ಹ್ಯಾಕ್ನಿ ಸ್ಕೂಲುಗಳು ಸರಿ ಇಲ್ಲ ಅಂತಾರಲ್ಲ" ಅಂದರು. ಗ್ರಾಮರ್ ಅಂದರೆ ಪರೀಕ್ಷೆ ಇಟ್ಟು ಮಕ್ಕಳನ್ನು ಆರಿಸಿಕೊಳ್ಳುವ ಸರ್ಕಾರಿ ಹೈಸ್ಕೂಲು. ಮಗು ಪಕ್ಕದಲ್ಲೇ ನಿಂತಿತ್ತು. ಅವರಿಗೆ ಕೆಟ್ಟ ಮನಸ್ಸೇನೂ ಇರಲಿಲ್ಲ, ಅದು ನನಗೂ ಗೊತ್ತು. ಆದರೆ ಅವರು ಆ ಶಾಲೆಯ ಗೇಟನ್ನೂ ನೋಡಿದವರಲ್ಲ. ಯಾರೋ ಅಂದದ್ದನ್ನು ಇನ್ಯಾರೋ ಅಂದು, ಅದೇ ಈಗ ನಮ್ಮ ನಡುವೆ ಸತ್ಯ ಆಗಿ ಕೂತಿದೆ.

ಈ ಮಾತಿಗೆ ಒಂದು ಮೂಲ ಇದೆ. ಹ್ಯಾಕ್ನಿಯ ಶಾಲೆಗಳು ಅಂದರೆ ಹಳಬರಿಗೆ ಇವತ್ತಿಗೂ ನೆನಪಾಗುವುದು ಹ್ಯಾಕ್ನಿ ಡೌನ್ಸ್ ಶಾಲೆ. 1990ರ ದಶಕದಲ್ಲಿ ಪತ್ರಿಕೆಗಳು ಅದನ್ನು ಬ್ರಿಟನ್ನಿನ ಅತಿ ಕೆಟ್ಟ ಶಾಲೆ ಅಂತ ಕರೆದವು. ಆ ಶಾಲೆಯ ಕಥೆಯನ್ನು ಪೂರ್ತಿ ತಿಳಿದವರು ಹ್ಯಾಕ್ನಿ ಬಗ್ಗೆ ಹಾಗೆ ಮಾತಾಡಲಾರರು ಅಂತ ನನ್ನ ನಂಬಿಕೆ. ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ದಯವಿಟ್ಟು ತಾಳ್ಮೆಯಿಂದ ಓದಿ.

ಶಾಲೆ ಶುರುವಾದದ್ದು 1876ರಲ್ಲಿ. ಲಂಡನ್ನಿನ ಹಳೆಯ ವರ್ತಕರ ಸಂಘಗಳಲ್ಲಿ ಒಂದಾದ ಗ್ರೋಸರ್ಸ್ ಕಂಪನಿ ಅದನ್ನು ಕಟ್ಟಿಸಿತು. ಗಂಡುಮಕ್ಕಳ ಶಾಲೆ. 1906ರಲ್ಲಿ ಲಂಡನ್ ಕೌಂಟಿ ಕೌನ್ಸಿಲ್ ಅದನ್ನು ವಹಿಸಿಕೊಂಡಿತು. ಆ ಕಾಲದ ಹ್ಯಾಕ್ನಿ ಶ್ರೀಮಂತರ ಊರಲ್ಲ. ಪೂರ್ವ ಯುರೋಪಿನಿಂದ ಬಂದ ಯಹೂದಿ ಕುಟುಂಬಗಳು, ದರ್ಜಿಗಳು, ಸಣ್ಣ ಅಂಗಡಿಯವರು ಜಾಸ್ತಿ ಇದ್ದ ಜಾಗ. ಅವರ ಹುಡುಗರಿಗೆ ಈ ಶಾಲೆ ದೊಡ್ಡ ಬಾಗಿಲಾಯಿತು. ನಾಟಕಕಾರ ಹೆರಾಲ್ಡ್ ಪಿಂಟರ್ ಓದಿದ್ದು ಇಲ್ಲೇ. ಅಪ್ಪ ಹೆಂಗಸರ ಬಟ್ಟೆ ಹೊಲಿಯುವ ದರ್ಜಿ. ಜೋಸೆಫ್ ಬ್ರಿಯರ್ಲಿ ಎಂಬ ಇಂಗ್ಲಿಷ್ ಮೇಷ್ಟ್ರು ಶಾಲೆಯ ನಾಟಕದಲ್ಲಿ ಆ ಹುಡುಗನಿಗೆ ಮ್ಯಾಕ್‌ಬೆತ್ ಪಾತ್ರ ಕೊಟ್ಟರು. 2005ರಲ್ಲಿ ಅದೇ ಪಿಂಟರ್‌ಗೆ ನೊಬೆಲ್ ಬಂತು. ಮೀನು ಮಾರುಕಟ್ಟೆಯ ಕೂಲಿಯ ಮಗ ಮೈಕೇಲ್ ಕೇನ್ ಕೂಡ ಸ್ವಲ್ಪ ಕಾಲ ಇಲ್ಲಿದ್ದರು. ನಟ, ನಾಟಕಕಾರ ಸ್ಟೀವನ್ ಬರ್ಕಾಫ್ ಕೂಡ ಇಲ್ಲಿಯವರೇ.

ಆಗ ಅದು ಗ್ರಾಮರ್ ಶಾಲೆ. ಅಂದರೆ ಹನ್ನೊಂದನೇ ವಯಸ್ಸಿನ ಪರೀಕ್ಷೆ ಪಾಸಾದವರು ಮಾತ್ರ ಒಳಗೆ. ಆ ಹೆಸರಿನ ಜೊತೆಗೆ ಇದನ್ನೂ ನೆನಪಿಡಬೇಕು. ಪಿಂಟರ್ ಜೊತೆ ಅದೇ ಬೀದಿಯಲ್ಲಿ ಆಡುತ್ತಿದ್ದ, ಆದರೆ ಪರೀಕ್ಷೆಯಲ್ಲಿ ಕೆಲವು ಅಂಕ ಕಡಿಮೆ ಬಂದ ಹುಡುಗರು ಬೇರೆ ಶಾಲೆಗೆ ಹೋದರು. ಅವರ ಹೆಸರುಗಳು ಯಾವ ಗೋಡೆಯ ಮೇಲೂ ಇಲ್ಲ.

1965ರಲ್ಲಿ ಲೇಬರ್ ಸರ್ಕಾರದ ಶಿಕ್ಷಣ ಮಂತ್ರಿ ಆಂಥನಿ ಕ್ರಾಸ್‌ಲೆಂಡ್ ಒಂದು ಸುತ್ತೋಲೆ ಹೊರಡಿಸಿದರು. ಹನ್ನೊಂದು ವರ್ಷಕ್ಕೇ ಮಕ್ಕಳನ್ನು ಎರಡು ಗುಂಪು ಮಾಡುವ ಪದ್ಧತಿ ಬಿಟ್ಟು ಎಲ್ಲರಿಗೂ ಒಂದೇ ಬಗೆಯ ಶಾಲೆ ಮಾಡುವ ಯೋಜನೆ ತಯಾರಿಸಿ ಅಂತ ಅದರಲ್ಲಿ ಸ್ಥಳೀಯ ಆಡಳಿತಗಳನ್ನು ಕೇಳಿದರು. ಮುಂದೆ ಹ್ಯಾಕ್ನಿ ಡೌನ್ಸ್ ಕೂಡ ಕಾಂಪ್ರಿಹೆನ್ಸಿವ್ ಆಯಿತು. ಅದಕ್ಕೂ ಮೊದಲೇ, 1963ರಲ್ಲಿ, ದೊಡ್ಡ ಬೆಂಕಿ ಬಿದ್ದು ಹಳೆಯ ಕಟ್ಟಡದ ಒಂದು ಭಾಗ ಸುಟ್ಟಿತ್ತು.

ಇಲ್ಲಿಂದ ಮುಂದಿನ ಕಥೆಯನ್ನು ಜನ ಒಂದೇ ಸಾಲಿನಲ್ಲಿ ಹೇಳಿಬಿಡುತ್ತಾರೆ: ಕಾಂಪ್ರಿಹೆನ್ಸಿವ್ ಆಯಿತು, ಹಾಳಾಯಿತು. ನನಗೆ ಸಿಟ್ಟು ಬರುವುದು ಇಲ್ಲೇ. ನಡುವೆ ಏನೇನಾಯಿತು ಅಂತ ನೋಡಿ. ಗಂಡುಮಕ್ಕಳ ಶಾಲೆಯಾಗಿಯೇ ಉಳಿಯಿತು, ಬರುವ ಮಕ್ಕಳ ಸಂಖ್ಯೆ ಇಳಿಯುತ್ತಾ ಹೋಯಿತು. ಸೀಟು ಖಾಲಿ ಇದ್ದ ಕಾರಣ ಬೇರೆ ಶಾಲೆಗಳಿಂದ ಹೊರಬಿದ್ದ ಹುಡುಗರು, ಮನೆಯಲ್ಲಿ ಇಂಗ್ಲಿಷ್ ಇಲ್ಲದ ಹೊಸದಾಗಿ ಬಂದ ಹುಡುಗರು, ವಿಶೇಷ ನೆರವು ಬೇಕಾದ ಹುಡುಗರು ಜಾಸ್ತಿ ಜಾಸ್ತಿ ಇಲ್ಲಿಗೇ ಬಂದರು. ಕಟ್ಟಡದ ರಿಪೇರಿ ಹಿಂದೆ ಬಿತ್ತು. 1990ರಲ್ಲಿ ಇಡೀ ಒಳ ಲಂಡನ್ನಿನ ಶಾಲೆಗಳನ್ನು ನೋಡಿಕೊಳ್ಳುತ್ತಿದ್ದ ಶಿಕ್ಷಣ ಪ್ರಾಧಿಕಾರವನ್ನು ರದ್ದು ಮಾಡಿ ಜವಾಬ್ದಾರಿಯನ್ನು ಆಯಾ ಬರೋ ಕೌನ್ಸಿಲ್‌ಗೆ ಕೊಟ್ಟರು, ಹ್ಯಾಕ್ನಿ ಕೌನ್ಸಿಲ್‌ಗೆ ಅದನ್ನು ಹೊರುವ ಶಕ್ತಿ ಇರಲಿಲ್ಲ. ಮುಖ್ಯ ಶಿಕ್ಷಕರು ಒಬ್ಬರ ಹಿಂದೆ ಒಬ್ಬರು ಬದಲಾದರು. ಇಷ್ಟೆಲ್ಲ ಆದ ಮೇಲೆ 1994ರಲ್ಲಿ ಶಾಲೆಗಳನ್ನು ಪರಿಶೀಲಿಸುವ ಸರ್ಕಾರಿ ಸಂಸ್ಥೆಯಾದ ಆಫ್‌ಸ್ಟೆಡ್‌ನ ಇನ್‌ಸ್ಪೆಕ್ಟರುಗಳು ಬಂದು ಶಾಲೆ ಸೋಲುತ್ತಿದೆ ಅಂತ ಬರೆದರು. ಅವರು ಬರೆದದ್ದು ಸುಳ್ಳಲ್ಲ. ಪಾಠ ಸರಿಯಾಗಿ ನಡೆಯುತ್ತಿರಲಿಲ್ಲ, ಫಲಿತಾಂಶ ತೀರಾ ಕೆಳಗಿತ್ತು. ನಾನು ಅದನ್ನು ಮುಚ್ಚಿಡುತ್ತಿಲ್ಲ.

1995ರಲ್ಲಿ ಹ್ಯಾಕ್ನಿ ಕೌನ್ಸಿಲ್ ಮೊದಲು ಮುಚ್ಚುತ್ತೇವೆ ಅಂದಿತು, ಆಮೇಲೆ ಮುಚ್ಚುವುದಿಲ್ಲ ಅಂದಿತು. ಆಗ ಶಿಕ್ಷಣ ಮಂತ್ರಿ ಜಿಲಿಯನ್ ಶೆಪರ್ಡ್ ಹೊಸ ಕಾನೂನಿನ ಅಧಿಕಾರ ಬಳಸಿ ಒಂದು ಶಿಕ್ಷಣ ಮಂಡಳಿಯನ್ನು ನೇಮಿಸಿ ಶಾಲೆಯನ್ನು ಅದರ ಕೈಗೆ ಕೊಟ್ಟರು. ಆ ಕಾನೂನು ಬಳಸಿದ್ದು ಅದೇ ಮೊದಲು. ಮಂಡಳಿ ಕೆಲವೇ ತಿಂಗಳಲ್ಲಿ ಮುಚ್ಚಿ ಅಂತ ಹೇಳಿತು. ಪಾಲಕರು ಕೋರ್ಟಿಗೆ ಹೋದರು, ಸೋತರು. 1995ರ ಡಿಸೆಂಬರಿನಲ್ಲಿ, ಶಾಲಾ ವರ್ಷದ ನಡುವೆ, ಬೀಗ ಬಿತ್ತು. ಉಳಿದಿದ್ದ ಸುಮಾರು 200 ಹುಡುಗರನ್ನು ಹೋಮರ್ಟನ್ ಹೌಸ್ ಎಂಬ ಹತ್ತಿರದ ಶಾಲೆಗೆ ಕಳಿಸಿದರು. ಕೆಲವೇ ತಿಂಗಳಲ್ಲಿ ಜಿಸಿಎಸ್‌ಇ, ಅಂದರೆ ನಮ್ಮ ಎಸ್‌ಎಸ್‌ಎಲ್‌ಸಿಯಂಥ ಪರೀಕ್ಷೆ ಬರೆಯಬೇಕಿದ್ದ ಹದಿನಾರು ವರ್ಷದವರೂ ಅವರಲ್ಲಿ ಇದ್ದರು. ಹೊಸ ಕಟ್ಟಡ, ಹೊಸ ಮೇಷ್ಟ್ರು, ಹೆಸರಿಗೆ ಅಂಟಿದ ಕಳಂಕ. ದೊಡ್ಡವರ ಜಗಳದ ಬೆಲೆ ತೆತ್ತವರು ಆ ಹುಡುಗರು.

ಆಮೇಲೆ ಆ ಜಾಗ ವರ್ಷಗಟ್ಟಲೆ ಖಾಲಿ ಬಿದ್ದಿತ್ತು. 2004ರ ಸೆಪ್ಟೆಂಬರಿನಲ್ಲಿ ಅದೇ ನೆಲದ ಮೇಲೆ ಮಾಸ್‌ಬೋರ್ನ್ ಕಮ್ಯುನಿಟಿ ಅಕಾಡೆಮಿ ಎಂಬ ಹೊಸ ಶಾಲೆ ಶುರುವಾಯಿತು. ಉದ್ಯಮಿ ಸರ್ ಕ್ಲೈವ್ ಬೋರ್ನ್ ತಮ್ಮ ತಂದೆ ಮಾಸ್ ಬೋರ್ನ್ ಅವರ ನೆನಪಿಗೆ ಆ ಹೆಸರು ಇಟ್ಟರು. ಕಟ್ಟಡದ ವಿನ್ಯಾಸ ವಾಸ್ತುಶಿಲ್ಪಿ ರಿಚರ್ಡ್ ರಾಜರ್ಸ್ ಅವರ ಸಂಸ್ಥೆಯದು, ಮರದ ಚೌಕಟ್ಟಿನ ದೊಡ್ಡ ಕಟ್ಟಡ, ರೈಲು ಹಳಿಗಳ ಕಡೆಗೆ ಬೆನ್ನು ಮಾಡಿ ನಿಂತಿದೆ. ಮುಖ್ಯ ಶಿಕ್ಷಕರಾಗಿ ಬಂದವರು ಮೈಕೇಲ್ ವಿಲ್ಶಾ.

ಮಕ್ಕಳು ಯಾರು? ಇದೇ ಹ್ಯಾಕ್ನಿಯವರು. ಬಡತನದ ಕಾರಣಕ್ಕೆ ಶಾಲೆಯಲ್ಲಿ ಉಚಿತ ಊಟ ಪಡೆಯುವವರ ಸಂಖ್ಯೆ ದೇಶದ ಸರಾಸರಿಗಿಂತ ಎಷ್ಟೋ ಜಾಸ್ತಿ. ಮನೆಯಲ್ಲಿ ಬೇರೆ ಭಾಷೆ ಆಡುವವರೇ ಬಹಳ. 2009ರಲ್ಲಿ ಮೊದಲ ತಂಡ ಜಿಸಿಎಸ್‌ಇ ಬರೆಯಿತು. ಇಂಗ್ಲಿಷ್ ಮತ್ತು ಗಣಿತ ಸೇರಿ ಐದು ವಿಷಯಗಳಲ್ಲಿ ಸಿ ಅಥವಾ ಅದಕ್ಕಿಂತ ಮೇಲಿನ ಗ್ರೇಡ್ ಪಡೆದವರು ನೂರಕ್ಕೆ 80ಕ್ಕೂ ಜಾಸ್ತಿ. ಆ ವರ್ಷ ಇಡೀ ಇಂಗ್ಲೆಂಡಿನ ಸರಾಸರಿ ಸುಮಾರು 50. ಮುಂದೆ ಅಲ್ಲಿನ ಮಕ್ಕಳು ಕೇಂಬ್ರಿಡ್ಜ್‌ಗೂ ಹೋದರು. ವಿಲ್ಶಾ ಅವರು 2012ರ ಜನವರಿಯಲ್ಲಿ ಆಫ್‌ಸ್ಟೆಡ್‌ನ ಮುಖ್ಯಸ್ಥರಾದರು, ಅದೇ ಜಾಗದ ಹಳೆಯ ಶಾಲೆಯನ್ನು ಸೋತಿದೆ ಅಂತ ಬರೆದ ಸಂಸ್ಥೆಗೇ.

ಬರೀ ಹೊಗಳಿಕೆ ಬರೆದರೆ ನೀವು ನಂಬುವುದಿಲ್ಲ, ನಂಬಲೂ ಬಾರದು. ಮಾಸ್‌ಬೋರ್ನ್‌ಗೆ ಹಳೆಯ ಶಾಲೆಗೆ ಸಿಗದ ಅನುಕೂಲಗಳಿದ್ದವು. ಕೋಟಿಗಟ್ಟಲೆ ಹಣದ ಹೊಸ ಕಟ್ಟಡ ಇತ್ತು. ಎಲ್ಲ ತರಗತಿಗಳನ್ನೂ ಒಟ್ಟಿಗೆ ಹೊರದೆ ಮೊದಲ ವರ್ಷ ಕೆಳಗಿನ ತರಗತಿ ಮಾತ್ರ ತೆರೆದು ವರ್ಷಕ್ಕೊಂದು ತರಗತಿ ಸೇರಿಸುತ್ತಾ ಹೋದರು. ಸೇರಲು ಬರುವ ಮಕ್ಕಳಿಗೆ ಒಂದು ಪರೀಕ್ಷೆ ಇಟ್ಟು ನಾಲ್ಕು ಗುಂಪು ಮಾಡಿ, ಎಲ್ಲ ಗುಂಪಿನಿಂದಲೂ ಸಮನಾಗಿ ಮಕ್ಕಳನ್ನು ತೆಗೆದುಕೊಂಡರು. ಅಂದರೆ ಕಲಿಕೆಯಲ್ಲಿ ಮುಂದಿರುವವರು, ಹಿಂದಿರುವವರು ಸರಿಯಾದ ಪಾಲಿನಲ್ಲಿ ಬಂದರು. ಹ್ಯಾಕ್ನಿ ಡೌನ್ಸ್‌ಗೆ ಕೊನೆಯ ವರ್ಷಗಳಲ್ಲಿ ಈ ಭಾಗ್ಯ ಇರಲಿಲ್ಲ. ಇನ್ನು ಶಿಸ್ತು ತುಂಬಾ ಕಟ್ಟುನಿಟ್ಟು. ಮಾಸ್‌ಬೋರ್ನ್ ನಡೆಸುವ ಟ್ರಸ್ಟಿನದೇ ಇನ್ನೊಂದು ಶಾಲೆಯಲ್ಲಿ ಮಕ್ಕಳನ್ನು ನಡೆಸಿಕೊಳ್ಳುವ ರೀತಿಯ ಬಗ್ಗೆ 2024ರ ಕೊನೆಗೆ ಪಾಲಕರ ದೂರುಗಳು ಪತ್ರಿಕೆಗಳಲ್ಲಿ ಬಂದವು, ಸ್ವತಂತ್ರ ಪರಿಶೀಲನೆಯೂ ನಡೆಯಿತು. ಅಂಕ ಬಂತು ಅಂದ ಮಾತ್ರಕ್ಕೆ ಎಲ್ಲವೂ ಸರಿ ಅಂತ ಅಲ್ಲ. ನಾವು ಅಪ್ಪ ಅಮ್ಮ ಅಲ್ವಾ, ಮಗು ಸಂಜೆ ಮನೆಗೆ ಯಾವ ಮುಖ ಹೊತ್ತು ಬರುತ್ತದೆ ಅನ್ನುವುದೂ ಫಲಿತಾಂಶವೇ.

ಆದರೂ ಒಂದು ವಿಷಯ ಗಟ್ಟಿಯಾಗಿ ನಿಲ್ಲುತ್ತದೆ. ನೆಲ ಅದೇ, ಸುತ್ತಲಿನ ಬೀದಿಗಳು ಅವೇ, ಬಡತನವೂ ಇತ್ತು. ಆರಿಸದೆ ತೆಗೆದುಕೊಂಡ ಮಕ್ಕಳು ಅದೇ ನೆಲದ ಮೇಲೆ ದೇಶದ ಸರಾಸರಿಯನ್ನು ಎಲ್ಲೋ ಹಿಂದೆ ಬಿಟ್ಟರು. ಹಾಗಾದರೆ 1995ರಲ್ಲಿ ಸೋತದ್ದು ಹ್ಯಾಕ್ನಿಯ ಮಕ್ಕಳಲ್ಲ, ಎಲ್ಲರಿಗೂ ಒಂದೇ ಶಾಲೆ ಎಂಬ ವಿಚಾರವೂ ಅಲ್ಲ. ಆ ಶಾಲೆಯನ್ನು ನಡೆಸಬೇಕಾದವರು ಸೋತರು.

ಇದು ಒಂದೇ ಶಾಲೆಯ ಪವಾಡವೂ ಅಲ್ಲ. 2002ರಲ್ಲಿ ಹ್ಯಾಕ್ನಿ ಕೌನ್ಸಿಲ್ ಕೈಯಿಂದ ಶಿಕ್ಷಣದ ಹೊಣೆಯನ್ನೇ ತೆಗೆದು ಲರ್ನಿಂಗ್ ಟ್ರಸ್ಟ್ ಎಂಬ ಬೇರೆ ಸಂಸ್ಥೆಗೆ ಕೊಟ್ಟರು, ಹತ್ತು ವರ್ಷ ಅದೇ ನಡೆಸಿತು. 2003ರಲ್ಲಿ ಲಂಡನ್ನಿನ ಶಾಲೆಗಳನ್ನು ಸುಧಾರಿಸಲು ಲಂಡನ್ ಚಾಲೆಂಜ್ ಎಂಬ ಯೋಜನೆ ಬಂತು. ಟಿಮ್ ಬ್ರಿಗ್‌ಹೌಸ್ ಅದರ ಮುಂದಾಳು. ಅವರು ಮಾಡಿದ ಕೆಲಸಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದು. ಒಂದೇ ಬಗೆಯ ಮಕ್ಕಳು ಬರುವ ಶಾಲೆಗಳನ್ನು ಒಂದು ಕುಟುಂಬ ಅಂತ ಗುಂಪು ಮಾಡಿ, ಅವುಗಳ ಫಲಿತಾಂಶವನ್ನು ಒಂದರ ಪಕ್ಕ ಒಂದು ಇಟ್ಟು ತೋರಿಸಿದರು. "ನಮ್ಮ ಮಕ್ಕಳು ಬಡವರು, ನಾವೇನು ಮಾಡೋಣ" ಅನ್ನುವ ಮುಖ್ಯ ಶಿಕ್ಷಕರಿಗೆ, ಅಷ್ಟೇ ಬಡ ಮಕ್ಕಳಿರುವ ಪಕ್ಕದ ಶಾಲೆ ಏನು ಮಾಡಿದೆ ನೋಡಿ ಬನ್ನಿ ಅಂದರು. ಚೆನ್ನಾಗಿ ನಡೆಯುತ್ತಿದ್ದ ಶಾಲೆಯವರು ಸೋಲುತ್ತಿದ್ದ ಶಾಲೆಯವರ ಜೊತೆ ಕೂತು ಕೆಲಸ ಮಾಡಿದರು. ಇಂಗ್ಲೆಂಡಿನಲ್ಲಿ ಕೆಳಗಿನ ಸಾಲಿನಲ್ಲಿದ್ದ ಲಂಡನ್ ಮೇಲಿನ ಸ್ಥಾನಕ್ಕೆ ಬಂತು. ಕಾರಣ ಯಾವುದು ಅಂತ ತಜ್ಞರು ಇನ್ನೂ ವಾದ ಮಾಡುತ್ತಾರೆ. ವಲಸೆ ಬಂದ ಕುಟುಂಬಗಳು ಓದಿನ ಮೇಲೆ ಇಟ್ಟ ಆಸೆ, ಮನೆಯಲ್ಲಿ ಹಾಕಿದ ಶ್ರಮ ಕೂಡ ದೊಡ್ಡ ಕಾರಣ ಅಂತ ಕೆಲವು ಅರ್ಥಶಾಸ್ತ್ರಜ್ಞರು ಹೇಳುತ್ತಾರೆ.

ಇದನ್ನು ಓದಿದಾಗ ನನಗೆ ನಮ್ಮವರೇ ನೆನಪಾದರು. ಸಂಜೆ ಮಗ್ಗಿ ಬಾಯಿಪಾಠ ಮಾಡಿಸುವವರು, ಪೇರೆಂಟ್ ಮೀಟಿಂಗ್ ತಪ್ಪಿಸದವರು, ಅಂಕ ಕಡಿಮೆ ಬಂದರೆ ಮೇಷ್ಟ್ರನ್ನು ಹೋಗಿ ಕೇಳುವವರು ನಾವು. ಇಂಥ ಮನೆಗಳ ಮಕ್ಕಳು ಸೇರಿದರೆ ಶಾಲೆ ಮೇಲೇಳುತ್ತದೆ. ನಾವೆಲ್ಲ ಒಟ್ಟಿಗೆ ಬೆನ್ನು ತಿರುಗಿಸಿದರೆ ಆ ಶಕ್ತಿಯೂ ನಮ್ಮ ಜೊತೆ ಹೊರಟುಹೋಗುತ್ತದೆ. ಹ್ಯಾಕ್ನಿ ಡೌನ್ಸ್‌ನಲ್ಲಿ ಶುರುವಾಗಿದ್ದೂ ಹಾಗೇ, ಬೇರೆ ದಾರಿ ಇದ್ದವರು ಮೊದಲು ಹೋದರು.

ಈಗ ನಮ್ಮ ನಡುವೆ ನಾನು ಕಣ್ಣಾರೆ ನೋಡುತ್ತಿರುವುದನ್ನು ಹೇಳುತ್ತೇನೆ. ಗ್ರಾಮರ್ ಪರೀಕ್ಷೆಗಾಗಿ ಎಂಟು ಒಂಬತ್ತು ವರ್ಷದ ಮಕ್ಕಳು ಶನಿವಾರ ಭಾನುವಾರ ಟ್ಯೂಷನ್ನಿನಲ್ಲಿ ಕೂತಿರುತ್ತಾರೆ. ಬೇಸಿಗೆ ರಜೆಯೆಲ್ಲ ಮಾಕ್ ಟೆಸ್ಟ್. ಊರಿಂದ ಅಜ್ಜಿ ತಾತ ಬಂದಿದ್ದರೂ ಮಗು ಬಾಗಿಲು ಹಾಕಿಕೊಂಡು ವರ್ಬಲ್ ರೀಸನಿಂಗ್ ಮಾಡುತ್ತಿರುತ್ತದೆ. ಗ್ರಾಮರ್ ಶಾಲೆ ಇದೆ ಅಂತ ಸಟನ್‌ಗೋ ಸ್ಲಾವ್‌ಗೋ ಮನೆ ಬದಲಾಯಿಸಿ, ಸಾಲ ಮೈಮೇಲೆ ಎಳೆದುಕೊಂಡವರಿದ್ದಾರೆ. ಇಡೀ ಇಂಗ್ಲೆಂಡಿನಲ್ಲಿ ಉಳಿದಿರುವ ಗ್ರಾಮರ್ ಶಾಲೆಗಳು 163. ಸರ್ಕಾರಿ ಹೈಸ್ಕೂಲು ಮಕ್ಕಳಲ್ಲಿ ನೂರಕ್ಕೆ ಐವರು ಮಾತ್ರ ಅಲ್ಲಿ ಓದುತ್ತಾರೆ. ಹೊಸದು ತೆರೆಯುವುದಕ್ಕೆ 1998ರಿಂದ ಕಾನೂನೇ ಬಿಡುವುದಿಲ್ಲ. ಹಾಗಿದ್ದರೆ ಪರೀಕ್ಷೆ ಬರೆದ ನಮ್ಮ ಮಕ್ಕಳಲ್ಲಿ ಬಹಳ ಜನ ಕೊನೆಗೆ ಹೋಗುವುದು ಕಾಂಪ್ರಿಹೆನ್ಸಿವ್ ಶಾಲೆಗೇ. ಎರಡು ವರ್ಷ ಮನೆಯಲ್ಲಿ ಆ ಶಾಲೆಯನ್ನು ಬೈದು, ಆಮೇಲೆ ಮಗುವನ್ನು ಅಲ್ಲಿಗೇ ಕಳಿಸಿದರೆ ಆ ಮಗು ಮೊದಲ ದಿನ ಯಾವ ಮನಸ್ಸಿನಿಂದ ಒಳಗೆ ಹೋಗಬೇಕು ಹೇಳಿ. ಹತ್ತು ವರ್ಷಕ್ಕೇ ತಾನು ಸೋತೆ ಅಂತ ನಂಬಿದ ಮಕ್ಕಳನ್ನು ನಾನು ನೋಡಿದ್ದೇನೆ.

ನಮ್ಮಲ್ಲಿ ಎಷ್ಟೋ ಜನ ಊರಿನ ಸರ್ಕಾರಿ ಕನ್ನಡ ಶಾಲೆಯಲ್ಲಿ ಓದಿ ಇಲ್ಲಿಯವರೆಗೆ ಬಂದವರು. ನಮ್ಮ ಪಕ್ಕದಲ್ಲಿ ಗೌಡರ ಮಗನೂ ಕೂತಿದ್ದ, ಕೂಲಿಯವರ ಮಗಳೂ ಕೂತಿದ್ದಳು. ಇಲ್ಲಿಗೆ ಬಂದ ಮೇಲೆ ಆ ಬೆಂಚು ನಮಗೆ ಬೇಡವಾಯಿತೇ?

ಗ್ರಾಮರ್ ಶಾಲೆಗೆ ಕಳಿಸಬೇಡಿ ಅಂತ ನಾನು ಹೇಳುತ್ತಿಲ್ಲ. ಮಗುವಿಗೆ ಇಷ್ಟ ಇದ್ದರೆ, ಪ್ರಯಾಣ ಹತ್ತಿರ ಇದ್ದರೆ ಬರೆಯಲಿ. ಆದರೆ ಶಾಲೆಯ ಅಂಕಿಗಳನ್ನು ಓದುವ ರೀತಿ ಬದಲಾಗಬೇಕು. ಹನ್ನೊಂದಕ್ಕೇ ಜಾಸ್ತಿ ಅಂಕ ತೆಗೆದ ಮಕ್ಕಳನ್ನು ಆರಿಸಿಕೊಂಡ ಶಾಲೆ ಹದಿನಾರಕ್ಕೂ ಜಾಸ್ತಿ ಅಂಕ ತೋರಿಸಿದರೆ ಅದರಲ್ಲಿ ಶಾಲೆಯ ಪಾಲೆಷ್ಟು, ಆರಿಸಿದ್ದರ ಪಾಲೆಷ್ಟು? ಇದಕ್ಕೇ ಸರ್ಕಾರ 2016ರಿಂದ ಪ್ರೋಗ್ರೆಸ್ 8 ಅನ್ನುವ ಲೆಕ್ಕ ತಂದಿತು. ಪ್ರೈಮರಿ ಮುಗಿಸುವಾಗ ಒಂದೇ ಮಟ್ಟದಲ್ಲಿದ್ದ ದೇಶದ ಬೇರೆ ಮಕ್ಕಳಿಗಿಂತ ಈ ಶಾಲೆಯ ಮಕ್ಕಳು ಎಷ್ಟು ಮುಂದೆ ಹೋದರು ಅಂತ ಅದು ಹೇಳುತ್ತದೆ. ಸೊನ್ನೆ ಅಂದರೆ ಸರಾಸರಿ. ಅರ್ಧ ಅಂತ ಬಂದರೆ ಪ್ರತಿ ವಿಷಯದಲ್ಲೂ ಸುಮಾರು ಅರ್ಧ ಗ್ರೇಡ್ ಜಾಸ್ತಿ. ಇದೂ ಪೂರ್ತಿ ನ್ಯಾಯದ ಲೆಕ್ಕ ಅಲ್ಲ, ಮನೆಯ ಪರಿಸ್ಥಿತಿಯನ್ನು ಇದು ಗಣನೆಗೆ ತೆಗೆದುಕೊಳ್ಳುವುದಿಲ್ಲ, ಮತ್ತು ಗ್ರಾಮರ್ ಶಾಲೆಗಳ ಅಂಕಿಯೂ ಇದರಲ್ಲಿ ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ. ಆದರೂ ಬರೀ ಪಾಸಾದವರ ಪಟ್ಟಿ ನೋಡುವುದಕ್ಕಿಂತ ಎಷ್ಟೋ ವಾಸಿ. ಕೋವಿಡ್‌ನಿಂದ 2020 ಮತ್ತು 2021ರಲ್ಲಿ ಪ್ರೈಮರಿ ಪರೀಕ್ಷೆ ನಡೆಯಲಿಲ್ಲ, ಹಾಗಾಗಿ 2025 ಮತ್ತು 2026ರಲ್ಲಿ ಜಿಸಿಎಸ್‌ಇ ಬರೆಯುವ ತಂಡಗಳಿಗೆ ಈ ಲೆಕ್ಕ ಇಲ್ಲ. 2024ರದ್ದು ಮತ್ತು ಅದಕ್ಕೂ ಹಿಂದಿನ ವರ್ಷಗಳದ್ದು ನೋಡಿ. ಸರ್ಕಾರದ ವೆಬ್‌ಸೈಟಿನಲ್ಲಿ ಶಾಲೆಯ ಹೆಸರು ಹಾಕಿದರೆ ಸಿಗುತ್ತದೆ. ಆಫ್‌ಸ್ಟೆಡ್ ಒಂದೇ ಪದದಲ್ಲಿ ತೀರ್ಪು ಕೊಡುವುದನ್ನು 2024ರ ಸೆಪ್ಟೆಂಬರಿನಲ್ಲಿ ನಿಲ್ಲಿಸಿದೆ. ಆದರೆ ನಮ್ಮ ಗುಂಪುಗಳಲ್ಲಿ ಇನ್ನೂ "ಅದು ಔಟ್‌ಸ್ಟ್ಯಾಂಡಿಂಗಾ?" ಅನ್ನುವ ಪ್ರಶ್ನೆಯೇ ಓಡುತ್ತಿದೆ.

ನನ್ನ ಕೋರಿಕೆಗಳು ಇವು.

ಕನ್ನಡ ಸಂಘದವರಿಗೆ: ಇಲೆವನ್ ಪ್ಲಸ್, ಅಂದರೆ ಗ್ರಾಮರ್ ಪ್ರವೇಶ ಪರೀಕ್ಷೆಯ ಬಗ್ಗೆ ನೀವು ನಡೆಸುವ ಮಾಹಿತಿ ಕಾರ್ಯಕ್ರಮಗಳಿಗೆ ಕಾಂಪ್ರಿಹೆನ್ಸಿವ್ ಶಾಲೆಯ ಮೇಷ್ಟ್ರುಗಳನ್ನೂ, ಅಲ್ಲಿ ಓದಿ ಮುಗಿಸಿದ ನಮ್ಮದೇ ಹುಡುಗ ಹುಡುಗಿಯರನ್ನೂ ಕರೆಯಿರಿ. ಅವರಿಗೂ ಅಷ್ಟೇ ಸಮಯ ಕೊಡಿ. ಟ್ಯೂಷನ್ ಸೆಂಟರಿನವರು ದುಡ್ಡು ಕೊಟ್ಟು ಕಾರ್ಯಕ್ರಮ ನಡೆಸಿದರೆ ಅದನ್ನು ಸ್ಪಷ್ಟವಾಗಿ ಹೇಳಿ. ಗ್ರಾಮರ್ ಸೀಟು ಸಿಕ್ಕ ಮಕ್ಕಳನ್ನು ವೇದಿಕೆಗೆ ಕರೆದು ಸನ್ಮಾನ ಮಾಡುವುದನ್ನು ದಯವಿಟ್ಟು ನಿಲ್ಲಿಸಿ. ಕೆಳಗೆ ಕೂತ ಉಳಿದ ಮಕ್ಕಳ ಮುಖ ವೇದಿಕೆಯ ಮೇಲಿನವರಿಗೆ ಕಾಣುವುದಿಲ್ಲ.

ಪಾಲಕರಿಗೆ: ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಶಾಲೆಗಳು ಬಾಗಿಲು ತೆರೆದು ಕರೆಯುತ್ತವೆ. ಹೋಗಿ. ಸಂಜೆಯ ಅಲಂಕಾರ ಮಾತ್ರ ನೋಡಿ ಬರಬೇಡಿ, ಸಾಮಾನ್ಯ ದಿನ ಶಾಲೆ ನಡೆಯುವಾಗ ನೋಡಬಹುದಾ ಅಂತ ಕೇಳಿ. ಮೇಷ್ಟ್ರುಗಳು ಎಷ್ಟು ವರ್ಷದಿಂದ ಇದ್ದಾರೆ, ಗಣಿತಕ್ಕೆ ಗಣಿತವನ್ನೇ ಓದಿದ ಮೇಷ್ಟ್ರು ಇದ್ದಾರಾ, ಹಿಂದೆ ಬಿದ್ದ ಮಗುವಿಗೆ ಏನು ಮಾಡುತ್ತೀರಿ, ಎಷ್ಟು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದ್ದೀರಿ ಅಂತ ನೇರವಾಗಿ ಕೇಳಿ. ಬಸ್ ಸ್ಟಾಪಿನಲ್ಲಿ ನಿಂತಿರುವ ಅಲ್ಲಿನ ಮಕ್ಕಳನ್ನೂ ಮಾತಾಡಿಸಿ.

ಲಂಡನ್ನಿನಲ್ಲಿ ಅರ್ಜಿಯಲ್ಲಿ ಆರು ಶಾಲೆಗಳ ಹೆಸರು ಬರೆಯಬಹುದು. ನೀವು ಯಾವುದನ್ನು ಎಷ್ಟನೆಯದಾಗಿ ಬರೆದಿದ್ದೀರಿ ಅಂತ ಶಾಲೆಗಳಿಗೆ ತಿಳಿಯುವುದಿಲ್ಲ. ಬರೀ ಗ್ರಾಮರ್ ಶಾಲೆಗಳನ್ನೇ ಬರೆದು, ಅವು ಸಿಗದೆ, ಕೊನೆಗೆ ಎಲ್ಲಿ ಸೀಟು ಉಳಿದಿದೆಯೋ ಅಲ್ಲಿಗೆ ಮಗು ಹೋಗಬೇಕಾಗಿ ಬಂದು ಅತ್ತ ಮನೆಗಳು ನಮ್ಮಲ್ಲೇ ಇವೆ. ಹತ್ತಿರದ ಒಳ್ಳೆಯ ಶಾಲೆಯ ಹೆಸರನ್ನು ತಪ್ಪದೆ ಬರೆಯಿರಿ. ಕೊನೆಯ ದಿನ ಅಕ್ಟೋಬರ್ 31, ಸೀಟು ತಿಳಿಯುವುದು ಮಾರ್ಚ್ 1ಕ್ಕೆ.

ಮಗು ಸೇರಿದ ಮೇಲೆ ಶಾಲೆಯ ಗವರ್ನರ್, ಅಂದರೆ ಆಡಳಿತ ಮಂಡಳಿಯ ಸದಸ್ಯರು, ಆಗಲು ಪ್ರಯತ್ನಿಸಿ. ಅದಕ್ಕೆ ಇಲ್ಲೇ ಹುಟ್ಟಿರಬೇಕು ಅಂತಿಲ್ಲ, ಇಂಗ್ಲಿಷ್ ಉಚ್ಚಾರಣೆ ಯಾರೂ ಕೇಳುವುದಿಲ್ಲ. ಅಕೌಂಟ್ಸ್ ಗೊತ್ತಿರುವವರು, ಐಟಿಯಲ್ಲಿ ಇರುವವರು, ಡಾಕ್ಟರುಗಳು ನಮ್ಮಲ್ಲಿ ಬೇಕಾದಷ್ಟು ಜನ ಇದ್ದೀರಿ. ಬಜೆಟ್ಟು, ಶಿಸ್ತಿನ ನಿಯಮ, ಮುಖ್ಯ ಶಿಕ್ಷಕರ ನೇಮಕದಂಥ ವಿಷಯಗಳು ಚರ್ಚೆಗೆ ಬರುವ ಆ ಮೇಜಿನಲ್ಲಿ ನಮ್ಮವರೂ ಇರಲಿ.

ಈ ಅಕ್ಟೋಬರಿನಲ್ಲಿ ಹ್ಯಾಕ್ನಿ ಕಡೆಯ ಶಾಲೆಗಳನ್ನು ನೋಡಲು ಬರುವ ಯಾರೇ ಇದ್ದರೂ ನಾನು ಜೊತೆಗೆ ಬರುತ್ತೇನೆ. ಸಂಘದ ಮೂಲಕ ತಿಳಿಸಿದರೆ ಸಾಕು.

ಇಂತಿ ನಿಮ್ಮವಳು,
ಹ್ಯಾಕ್ನಿಯ ಒಬ್ಬ ಕನ್ನಡದ ತಾಯಿ